ಎರಡನೆಯ ಬಕೆಟ್ಟು

ಜಾವಾದ ಕ್ಲಾತೆನ್. ಹಿತ್ತಿಲಲ್ಲಿ ದುಂಡನೆ ಟಾರ್ಪಾಲಿನ ತೊಟ್ಟಿ.
ವಗಿನೆಮ್ ಕಾಕಂಬಿ ಸುರಿಯುತ್ತಾಳೆ,
ಮೀನಿಗಲ್ಲ, ಕಣ್ಣಿಗೆ ಕಾಣದವಕ್ಕೆ.
ಅವು ಮೀನಿನ ಹೇಲುಂಡು
ಹಿಂಜಿದ ಹತ್ತಿಯಂತೆ ಕಂದಾಗಿ ತೇಲುತ್ತವೆ,
ಮೀನು ಅದನ್ನೇ ಮತ್ತೆ ಮೇಯುತ್ತದೆ.
‘ಥೂ, ಚರಂಡಿ’ ಅಂದಿದ್ದಳು ಪಕ್ಕದ ಸುತಿಯಾ.

ನಿನ್ನೆ ಒಂದೂವರೆಗೆ ಕರೆಂಟು ಹೋಯಿತು.
ಗಾಳಿಪಂಪಿನ ಗುರುಗುರು ನಿಂತದ್ದಕ್ಕೇ
ಎಚ್ಚರವಾಯಿತು ಅವಳಿಗೆ.
ಟಾರ್ಚಿನ ಬೆಳಕಲ್ಲಿ ಆರುನೂರು ತಿಲಾಪಿಯಾ ಬಾಯಿ
ನೀರಿನ ಮೇಲೆ, ಸದ್ದಿಲ್ಲದೆ
ಓ, ಓ.
ಮೊಗೆದು ಎತ್ತರದಿಂದ ಸುರಿದಳು,
ಮೊಗೆದು ಸುರಿದಳು.
ಎರಡನೆಯ ಬಕೆಟ್ಟು ಯಾರದೆಂದು ತಿರುಗಿ ನೋಡಲಿಲ್ಲ;
ಬೈಗುಳ ಕೇಳಿ ತಿಳಿಯಿತು.

ಬೆಳಗ್ಗೆ ಎಣಿಸಿದರೆ ಸತ್ತವು ನಲವತ್ತೊಂದು.
ಉಳಿದವು ಮಾರಿದರೆ ಒಂದು ಬ್ಯಾಟರಿ.
ಲಾಭ? ಮುಂದಿನ ಸಲ.

ಸುತಿಯಾ ಕೊಡ ತುಂಬ ಕಂದು ನೀರು ಹೊತ್ತಳು
ತನ್ನ ಬದನೆ ಗಿಡಕ್ಕೆ,
ಮೂಗು ಮುಚ್ಚಿಕೊಂಡೇ.