ಓಯ್ಗೊ

ಮಂಗಳವಾರ ಸಂಜೆ, ಬಿಲ್ಬಾವೊದ ಲಾಂಡ್ರಿಯೊಂದರ ಮೇಲಿನ ಕೋಣೆ.
ಕೆಳಗೆ ಯಂತ್ರಗಳು ಯಾರದೋ ಹಾಸಿಗೆ ಬಟ್ಟೆ ತಿರುವುತ್ತವೆ,
ನೆಲ ನಡುಗುತ್ತದೆ, ಜೊತೆಗೆ ನಮ್ಮ ಪೆನ್ಸಿಲ್ಲು.
ಎದುರ್ನೆ ಟೀಚರು ಬೋರ್ಡಿನ ಮೇಲೆ ಬರೆದದ್ದು
ಸ್ಪ್ಯಾನಿಷಿನ ಮೂರೇ ಅಕ್ಷರ: ಓಯಿರ್.
ನಡುವಿನದರ ನೆತ್ತಿಗೆ ಒಂದು ಓರೆಗೆರೆ,
ಸಾರ್ಡೀನಿನ ಮುಳ್ಳಿನಷ್ಟು.
"ಕೇಳಿಸುವುದು" ಅಂದರು.
"ಪುಟ್ಟದು ಅಂತ ನಂಬಬೇಡಿ."

'ನಾನು' ಬಂದರೆ, ಓಯ್ಗೊ.
ಈ ಗಕಾರ ಎಲ್ಲಿಂದ ಬಂತು?
ಕೇಳಿದವನು ಒಸ್ತಾಪ್, ಸಾರುವೆ ಕೆಲಸದವನು,
ಬೆರಳುಗಳ ಸಂದಿಯಲ್ಲಿ ಇನ್ನೂ ಸುಣ್ಣ.
ಟೀಚರು ಭುಜ ಕುಣಿಸಿದರು:
"ದಿನಾ ಬಾಯಿಗೆ ಬಿದ್ದದ್ದು ಸೊಟ್ಟಗಾಗುತ್ತದೆ, ಮಗಾ.
ನೆಟ್ಟಗಿರುವವು ಯಾರೂ ಬಳಸದ ಕ್ರಿಯಾಪದಗಳು,
ನೆಂಟರಿಗೆಂದು ಎತ್ತಿಟ್ಟ ತಟ್ಟೆಗಳ ಹಾಗೆ."

ತಟ್ಟೆಯ ಮಾತು ನನಗೆ ತಿಳಿಯುತ್ತದೆ.

ನೀನು, ಓಯೆಸ್.
ಅವನು, ಅವಳು: ಓಯೆ.
ಪೆನ್ಸಿಲ್ಲು ಕೆಳಗಿಟ್ಟೆ.
ಓಯೆ ಅಂದರೆ ನಾನು.
ಹನ್ನೊಂದು ತಿಂಗಳಿಂದ, ನದಿ ಬದಿಯ ಆ ಅಡುಗೆಮನೆಯಲ್ಲಿ,
ಓಯೆ, ಬಾಣಲೆ. ಓಯೆ, ಚಮಚ.
ಓಯೆ, ನೆಲ ಜಾರುತ್ತಿದೆ, ಕಾಣುವುದಿಲ್ಲವೇ?
ಸೊಖ್ನಾ ಅಂತ ಇರುವುದು ಸಂಬಳದ ಚೀಟಿಯಲ್ಲಿ,
ಅಲ್ಲೂ ಒಂದಕ್ಷರ ತಪ್ಪು.

ಕರೆಯುವುದೂ ಓಯೆ, 'ಅವಳಿಗೆ ಕೇಳಿಸುತ್ತದೆ' ಎಂಬುದೂ ಓಯೆ.
ಹಾಗಾದರೆ ಇಷ್ಟು ದಿನ ಆತ, ತನಗೇ ಗೊತ್ತಿಲ್ಲದೆ,
ನನ್ನ ಬಗ್ಗೆ ಒಂದು ನಿಜ ಕೂಗುತ್ತಿದ್ದ.

ನನ್ನ ವೊಲೊಫಿನಲ್ಲಿ ಕೇಳಿಸುವುದಕ್ಕೆ ದೆಗ್ಗ್ ಅನ್ನುತ್ತೇವೆ,
ಅರ್ಥವಾಗುವುದಕ್ಕೂ ಅದೇ.
ಸ್ವರವನ್ನು ಚೂರು ಸಡಿಲ ಬಿಟ್ಟರೆ ಅದೇ ಸತ್ಯ.
ಇಲ್ಲಿ ಅವು ಮೂರು ಬೇರೆ ಬೇರೆ ಮನೆ,
ಮೂರಕ್ಕೂ ಬೇರೆ ಬೇರೆ ಬೀಗದ ಕೈ.

ಕಿವಿಗೊಡುವುದಕ್ಕೆ ಇನ್ನೊಂದಿದೆ, ಎಸ್ಕುಚಾರ್.
ಅದರಲ್ಲಿ ಒಂದೂ ವಕ್ರವಿಲ್ಲ,
ತೊಳೆದು ಬೋರಲು ಹಾಕಿದ ಲೋಟಗಳ ಸಾಲು.
ವ್ಯಾಕರಣದ ಪ್ರಕಾರ ಕಿವಿಗೊಡುವುದು ಸಲೀಸು,
ಕೇಳಿಸುವುದೇ ಕಷ್ಟ.
ನಮ್ಮ ಅಡುಗೆಮನೆ ಇದನ್ನು ಓದಿಲ್ಲ.

ಟೀಚರು ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು.
"ಓಯ್ಗಾ, ಓಯ್ಗಾ ಅಂತ ಊರೆಲ್ಲ ನನ್ನ ಕಿವಿಯೊಳಗೆ.
ನನಗೂ ಇದು ಶಾಲೆಯಲ್ಲಿ ಏಟು ತಿಂದು ಕಲಿತ ಭಾಷೆ.
ಮನೆಯಲ್ಲಿ ಬಾಸ್ಕ್. ಬೀದಿಗೆ ಬಂದರೆ ಬಾಯಿಗೆ ಬೀಗ."
ಇಷ್ಟು ಹೇಳಿ ಬೋರ್ಡು ಒರೆಸಿದರು,
ಒರೆಸಿದರೂ ಆ ಓರೆಗೆರೆ ಹೋಗಲಿಲ್ಲ.

ಶುಕ್ರವಾರ ರಾತ್ರಿ. ಕಿಕ್ಕಿರಿದ ಹೋಟೆಲು.
ಫೆರ್ಮಿನ್ ಕೂಗುತ್ತಾನೆ: ಎರಡು ಬಕಲಾವು, ಒಂದು ಮೆಣಸಿನಕಾಯಿ!
ಒಲೆಯ ಮುಂದಿನವರೆಲ್ಲ ಒಟ್ಟಿಗೆ: ಓಯಿದೊ!
ಓಯಿದೊ ಅಂದರೆ ಕಿವಿ. ಓಯಿದೊ ಅಂದರೆ ಕೇಳಿಯಾಯಿತು.
ಹಾಗನ್ನುವ ಹಕ್ಕು ಬೆಂಕಿಯ ಬಳಿ ಇರುವವರದು,
ನೀರಿನ ಬಳಿ ಇರುವವಳಿಗೆ ಯಾರೂ ಕೊಟ್ಟಿಲ್ಲ.

ಓಯೆ! ಎಂದ, ಈ ಕಡೆ ತಿರುಗದೆಯೇ.

ಓಯ್ಗೊ, ಎಂದೆ.
ಗಕಾರ ಗಂಟಲಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು ಬಂತು.
ತಿರುಗಿದ. ಕೈಯಲ್ಲಿ ಸೌಟು.
ನಾನು ಮತ್ತೆ ಕೇಳಿದೆ: ನೀವು? ಓಯೆ?
ಮರ್ಯಾದೆಯ 'ನೀವು'ಗೂ ಅದೇ ರೂಪ, ಬೋರ್ಡಿನಲ್ಲಿತ್ತು.

ಆಲೂಗಡ್ಡೆ ಸುಲಿಯುವ ಹುಡುಗ ನಕ್ಕ, ಆಮೇಲೆ ನಗಲಿಲ್ಲ.
ಎಣ್ಣೆ ಹೊಗೆಯಾಡುತ್ತಿತ್ತು.
ಫೆರ್ಮಿನ್ ಕೈ ಮೇಲೆತ್ತಿದ,
ನಾನು ಒಂದು ಹೆಜ್ಜೆ ಹಿಂದೆ ಸರಿದೆ.
ಅವನು ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚು ಆರಿಸಿದ.

"ಏನಂದೆ?"

ಹನ್ನೊಂದು ತಿಂಗಳಲ್ಲಿ ಮೊದಲ ಸಲ
ನನ್ನ ನಲ್ಲಿ ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸಿತು.
ಮುಂದೆ ಹೇಳಬೇಕಾದ್ದು ಇತ್ತು, ಬಹಳ ಇತ್ತು.
ಅದರ ಕ್ರಿಯಾಪದ ಬರುವ ಮಂಗಳವಾರದ ಪಾಠ.