ಕಪಾಟು ಬದಲಿಸಿದ ಶನಿವಾರ

ಇಪ್ಪತ್ತೆಂಟು ವರ್ಷ ಒರೆಸಿದ್ದೇನೆ ಈ ಗಾಜುಗಳನ್ನು.
ಕಣ್ಣು ಮುಚ್ಚಿ ಹೇಳಬಲ್ಲೆ: ಬಾಗಿಲ ಬಲಕ್ಕೆ ಕಪ್ಪೆ,
ಆಮೇಲೆ ಹಲ್ಲಿ, ಓತಿ, ಉಡ, ಮೊಸಳೆ ಮರಿ;
ಕಿಟಕಿ ಕಡೆ ಹಕ್ಕಿಗಳು, ಹೊಟ್ಟೆಗೆ ಹತ್ತಿ,
ಕಣ್ಣಿಗೆ ಮಣಿ.
ಫಾರ್ಮಲಿನ್ ವಾಸನೆಗೆ ಹೆಂಡತಿ ಇವತ್ತಿಗೂ
ನನ್ನ ಅಂಗಿಯನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ.

ತಬಸ್ಸುಮ್ ಮೇಡಂ ಹೊಸಬರು, ಮಂಡಿ ಮೊಹಲ್ಲಾದವರು.
ಶನಿವಾರ ಕಾಲೇಜು ಖಾಲಿಯಾದ ಮೇಲೆ ತೋಳು ಮಡಚಿ ಅಂದರು:
"ಬೋರಯ್ಯ, ಆ ಮೊಸಳೆ ಇಳಿಸಿ. ಹಕ್ಕಿಗಳ ಪಕ್ಕ ಇಡಿ."

ನಗು ಬಂತು, ನುಂಗಿಕೊಂಡೆ.
ಹೊಟ್ಟೆ ಎಳೆಯುತ್ತ ಹೋಗುವುದನ್ನು
ಹದ್ದಿನ ಮಗ್ಗುಲಿಗೆ?

ಬೋರ್ಡಿನ ಮೇಲೆ ಒಂದು ಗೆರೆ ಎಳೆದರು,
ಗೆರೆಗೊಂದು ಕವಲು, ಕವಲಿಗೆ ಇನ್ನೊಂದು,
ನಮ್ಮ ಪಾಲಹಳ್ಳಿಯ ನಾಲೆ ಗದ್ದೆಗದ್ದೆಗೆ ಒಡೆಯುವ ಹಾಗೆ.
"ಯಾರು ಯಾರ ಥರ ಕಾಣುತ್ತಾರೆ ಅನ್ನೋದು ಬಿಡಿ.
ಯಾವ ಕವಲಿನ ತನಕ ಒಟ್ಟಿಗಿದ್ದರು, ಅದನ್ನ ಕೇಳಿ."

ಓಹೋ, ಇದು ನಮ್ಮೂರ ಜಗಲಿಯ ಪ್ರಶ್ನೆ.
ಮುಖ ಹೋಲುವವನೆಲ್ಲ ಅಣ್ಣನಲ್ಲ,
ಪಾಲು ಕೇಳಬಲ್ಲವನು ಅಣ್ಣ.

ಆಮೇಲೆ ಹಂದಿಗಳ ಸರದಿ.
ಮುಳ್ಳುಹಂದಿ, ಚಿಪ್ಪುಹಂದಿ, ಮಂಗಳೂರಿಂದ ಬಂದ
ಕಡಲಹಂದಿಯ ಬುರುಡೆ:
ಹೆಸರು ನಂಬಿ ಯಾವನೋ ಒಂದೇ ಸಾಲಿಗೆ ಇಟ್ಟಿದ್ದ.
ಆ ಯಾವನೋ ನಾನೇ.
ಮುಳ್ಳಿನದು ಇಲಿಯ ಬಳಗವಂತೆ, ಒಯ್ದೆ.
ಚಿಪ್ಪಿನದು ಬೆಕ್ಕು ನಾಯಿಗಳಿಗೆ ದೂರದ ನೆಂಟನಂತೆ, ಒಯ್ದೆ.
ಕಡಲಿನದನ್ನು ಎತ್ತಿಕೊಂಡು ಮೀನಿನ ಕಡೆ ಹೊರಟವನಿಗೆ
ಮೇಡಂ ಅಡ್ಡ ಬಂದರು.
"ಅಲ್ಲೇ ಇರಲಿ. ಅದು ನಿಜಕ್ಕೂ
ಹಂದಿ, ಹಸು, ನೀರಾನೆಗಳ ಮನೆತನ.
ಕಾಲು ಬಿಟ್ಟು ನೀರಿಗೆ ಹೋದವರು."

ಬುರುಡೆ ತುಸು ಹೊತ್ತು ನನ್ನ ಕೈಯಲ್ಲೇ ಇತ್ತು.
ಯಾವ ಬೆಸ್ತನ ಬಾಯಿಗೆ ಹೇಗೆ ಬಂತೋ ಆ ಹೆಸರು,
ಕುರುಡುಗಲ್ಲು ಹಣ್ಣಿಗೆ ತಾಗಿದ ಹಾಗೆ.

ಹಳೆಯ ಚೀಟಿಗಳು ನೀರಲ್ಲಿ ನೆಂದು ಬಿಡುತ್ತಿದ್ದವು.
ನನ್ನಜ್ಜನಿಗೆ ಚೀಟಿ ಬೇಕಿರಲಿಲ್ಲ.
ಮದುವೆಮನೆಗಳಲ್ಲಿ ಅವನ ಸಾಲು
ಅಂಗಳದಾಚೆ, ತಿಪ್ಪೆಯ ಪಕ್ಕ, ಮೊದಲೇ ಗೊತ್ತಿತ್ತು.
ಕೇಳಿಯೇಬಿಟ್ಟೆ: "ಮೇಡಂ, ನಿಮ್ಮ ಗೆರೆಯಲ್ಲಿ
ಮೇಲಿರೋರು ಯಾರು?"

ಸೀಮೆಸುಣ್ಣ ಕೆಳಗಿಟ್ಟರು.
"ಯಾರೂ ಇಲ್ಲ. ಇದು ಏಣಿಯಲ್ಲ.
ಬದುಕಿರೋ ಕವಲೆಲ್ಲ ಇವತ್ತಿಗೇ ಬಂದು ನಿಂತಿದೆ.
ಕೆರೆ ಕಪ್ಪೆ ನಡೆದಿರೋದೂ ಅಷ್ಟೇ ದಾರಿ,
ನೀವು ನಾನು ನಡೆದಿರೋದೂ ಅಷ್ಟೇ."

ಆ ಮಾತಿಗೆ ನಾನೇನೂ ಹೇಳಲಿಲ್ಲ.
ಗೋಂದು ಒಣಗುತ್ತಿತ್ತು, ಬೇಗ ಬೇಗ ಅಂಟಿಸಿದೆ.

ಭಾನುವಾರ ಹೊಳೆಗೆ ಹೋದೆ.
ನಮ್ಮ ಕಾವೇರಿ ಪಟ್ಟಣದ ಮೇಲೆ ಒಡೆದು
ಕೆಳಗೆ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ.
ಮೇಡಂ ಗೆರೆಗಳು ಹಾಗೆ ಕೂಡುವುದಿಲ್ಲವಂತೆ.
ರಂಗನತಿಟ್ಟಿನ ಬಂಡೆಯ ಮೇಲೆ ಹಾವಕ್ಕಿ
ರೆಕ್ಕೆ ಹರವಿ ಒಣಗಿಸುತ್ತಿತ್ತು;
ಮೂರು ಮಾರು ಕೆಳಗೆ ಮೊಸಳೆ, ಬಾಯಿ ತೆರೆದು.
ಒಂದೇ ಬಿಸಿಲು, ಮಾತಿಲ್ಲ ಕತೆಯಿಲ್ಲ:
ಇಪ್ಪತ್ತೈದು ಕೋಟಿ ವರ್ಷದ ಹಿಂದೆ
ಪಾಲಾದ ದಾಯಾದಿಗಳು.

ಆಗ ನೆನಪಾಯಿತು.
ಏಳೋ ಎಂಟೋ ವಯಸ್ಸು, ಇದೇ ನಡುಗಡ್ಡೆ,
ಮರಳಿಗೆ ಕಿವಿ ಇಟ್ಟು ಮಲಗಿದ್ದೆ.
ಕೆಳಗೆ, ಬೆಚ್ಚಗೆ, ಮೊಟ್ಟೆಯೊಳಗಿಂದಲೇ ಎಷ್ಟೊಂದು ದನಿ.
ಅಪ್ಪ ರಟ್ಟೆ ಹಿಡಿದು ದೋಣಿಗೆ ಎಳೆದುಕೊಂಡು ಓಡಿದ,
"ಮೊಸಳೆ ಕಣೋ, ತಾಯಿ ಬತ್ತದೆ" ಎನ್ನುತ್ತ.
ದಡ ಮುಟ್ಟುವ ತನಕ ಅಳುತ್ತಲೇ ಇದ್ದೆನಂತೆ:
ಅಲ್ಲ, ಹಕ್ಕಿ.
ಹಕ್ಕಿ ಅಪ್ಪಾ, ಹಕ್ಕಿ.