ಸೊನ್ನೆಗೆ ತಂದ ಮೇಲೂ

ಗುತ್ತಲು ರಸ್ತೆಯ ಹೆರಿಗೆ ಆಸ್ಪತ್ರೆಯಿಂದ ಫೋನು,
ರಾತ್ರಿ ಒಂಬತ್ತೂವರೆ, ಮುದ್ದೆ ಮುರಿದಿದ್ದೆ ಅಷ್ಟೆ.
'ಮೀನಿನ ತೊಟ್ಟಿ ದೀಪ ಆರಾಕಿಲ್ಲ ಕಣಣ್ಣ,
ಸೊನ್ನೆಗೆ ತಂದ್ರೂವೆ ಮಿಣಮಿಣ ಅಂತದೆ.'
ಆಯಾ ಚಿಕ್ಕತಾಯಮ್ಮ.
ಹತ್ತುವುದಿಲ್ಲ ಅನ್ನುವವರ ಮನೆಗೆ ಓಡಿದ್ದೇನೆ ಮೂವತ್ತು ವರ್ಷ,
ಆರುವುದಿಲ್ಲ ಅಂತ ಕರೆದವಳು ಇವಳೇ ಮೊದಲು.

ಹಾಲಿನ ಬೆಂಚಿನ ಮೇಲೆ ಯಾರದೋ ಅತ್ತೆ,
ಮಡಿಲಲ್ಲಿ ಫ್ಲಾಸ್ಕು, ಬಾಯಿ ತೆರೆದ ನಿದ್ದೆ.
ತೊಟ್ಟಿಯಲ್ಲಿ ಏಳು ಮೀನು. ಕಿತ್ತಳೆ ಬಣ್ಣದವು ಐದು,
ಒಂದು ಕಪ್ಪು, ಇನ್ನೊಂದರ ಬಣ್ಣ ಹೇಳಲಾರೆ.
ಒಂದೂ ಮಲಗಿಲ್ಲ.
'ಡಾಕ್ಟ್ರಮ್ಮನ ತಮ್ಮ ಮೈಸೂರಿಂದ ತಂದ್ ಹಾಕ್ದ ಹೊಸ ದೀಪ,
ಅವತ್ತಿಂದ ಹಿಂಗೇ ಸುತ್ತತಾವೆ, ದಿಕ್ಕು ತಪ್ಪಿದೋರಂಗೆ.'

ಗುಂಡಿ ತಿರುಗಿಸಿದೆ: ನೂರು, ಐವತ್ತು, ಹತ್ತು, ಸೊನ್ನೆ.
ಸೊನ್ನೆಯ ಆಚೆಗೂ ತಿರುಗಿಸಲು ನೋಡಿದೆ, ಕಟ್ ಅಂತು.
ನೀರಿನಲ್ಲಿ ಉಳಿದದ್ದನ್ನು ಬೆಳಕು ಅನ್ನಲಾಗದು,
ಮಜ್ಜಿಗೆ ಚೊಂಬು ತೊಳೆದ ನೀರಿನಷ್ಟು ಬಿಳುಪು.

ಮೊದಲ ಅನುಮಾನ ಡಿಮ್ಮರ್ ಮೇಲೆ.
ಅಗ್ಗದ್ದು ಬಾಗಿಲು ಪೂರ್ತಿ ಹಾಕುವುದಿಲ್ಲ,
ಬೆಕ್ಕು ನುಗ್ಗುವಷ್ಟು ಸಂದು ಬಿಟ್ಟಿರುತ್ತದೆ.
ಕಳಚಿಟ್ಟು ನೇರ ಕೊಟ್ಟೆ, ಗೋಡೆಯ ಸ್ವಿಚ್ಚು ಆರಿಸಿದೆ.
ಮಿಣಮಿಣ.
ಪ್ಲಗ್ಗು ಕಿತ್ತೆ, ಕತ್ತಲು.
ಸಿಕ್ಕಿಸಿದೆ, ಸ್ವಿಚ್ಚು ಮುಟ್ಟಲೇ ಇಲ್ಲ,
ಮತ್ತೆ ಮಿಣಮಿಣ.
ಟೆಸ್ಟರ್ ಇಟ್ಟರೆ ಆರಿಸಿದ ಸಾಕೆಟ್ಟಿನೊಳಗಿಂದ
ಕೆಂಪಗೆ ಕಣ್ಣು ಬಿಟ್ಟಿತು.

ನಾಲ್ಕು ಸ್ಕ್ರೂ. ದೂಳು, ಹಲ್ಲಿ ಮೊಟ್ಟೆಯ ಚಿಪ್ಪು.
ಕೆಂಪು ತಂತಿ ಸೀದಾ ಒಳಗೆ ಹೋಗಿದೆ,
ಸ್ವಿಚ್ಚಿನ ಕೊರಳಿಗೆ ಕಟ್ಟಿರುವುದು ಕಪ್ಪು.
ಹೋಗುವ ದಾರಿಗೆ ಬೀಗ ಜಡಿದು
ಬರುವ ಬಾಗಿಲನ್ನು ಹಾರುಹೊಡೆದಿಟ್ಟಿದ್ದಾನೆ.
ಹಳೇ ಟ್ಯೂಬ್‌ಲೈಟು ಇಷ್ಟು ಸಣ್ಣ ಕರೆಂಟಿಗೆ ಬಾಯಿ ಬಿಡದು,
ಹೊಸದು ಚಾಡಿಕೋರ, ಹನಿ ಸಿಕ್ಕರೂ ಹೇಳಿಬಿಡುತ್ತೆ.

ಯಾವನ್ಲಾ ಇವನು, ಅನ್ನಲು ಬಾಯಿ ತೆರೆದೆ.
ಟೇಪು ಕಂಡಿತು.
ಹಸಿರು ಟೇಪು, ಮೂರು ಸುತ್ತು, ತುದಿ ಒಳಕ್ಕೆ ಮಡಚಿದ್ದು.
ಮುಂದಿನವನಿಗೆ ಬಿಚ್ಚಲು ಉಗುರು ಸಿಗಬೇಕು
ಅಂತ ಮಡಚುವುದು ಕಲಿಸಿದ್ದು ದಸ್ತಗೀರ್ ಮೇಸ್ತ್ರಿ.
ಕಲಿತವನು ನಾನೊಬ್ಬನೇ.

ಬೆಳಗಾದರೆ ಆಸ್ಪತ್ರೆ ಶುರು, ಇಪ್ಪತ್ತಾರು ಬೋರ್ಡು,
ಮೇಸ್ತ್ರಿಗೆ ಜ್ವರ, ನನಗೆ ಹತ್ತೊಂಬತ್ತು,
ಎರಡನೇ ಆಟಕ್ಕೆ ಟಿಕೇಟು ಜೇಬಿನಲ್ಲಿ.
ಸ್ವಿಚ್ಚು ಒತ್ತಿದೆ ಉರಿಯಿತು, ಒತ್ತಿದೆ ಆರಿತು,
ಇನ್ನೇನು ಬೇಕು ಅಂತ ಸೈಕಲ್ ಹತ್ತಿದ್ದೆ.

'ಅಣ್ಣ, ಪಾಚಿ ಕೆರೆಯಕ್ಕೆ ಕೈ ಇಟ್ರೆ
ಜುಮ್ ಅಂತಿತ್ತು,' ಅಂದಳು ಚಿಕ್ಕತಾಯಮ್ಮ.
'ಸ್ವಿಚ್ ಆರ್ಸೇ ಕೈ ಹಾಕ್ತಿದ್ದೆ, ಅದ್ಕೇ
ಸಕ್ಕರೆ ಕಾಯ್ಲೆ ಅಂದ್ಕಂಡೆ.
ಮಂಡ್ಯದಲ್ಲಿ ಹುಟ್ಟಿ ಸಕ್ಕರೆ ಬರ್ದೆ ಇನ್ನೇನ್ ಬಂದಾತು?
ಮೂರು ವರ್ಸದಿಂದ ಹಾಗಲಕಾಯಿ ರಸ ಕುಡೀತಾವ್ನಿ.'

ನಗಬೇಕಿತ್ತು. ಮೈನ್ ಇಳಿಸಿ ತಂತಿ ಅದಲುಬದಲು ಮಾಡಿದೆ,
ಸಡಿಲವಾಗಿದ್ದ ಅರ್ತ್ ಬಿಗಿದೆ, ಹೊಸ ಟೇಪು ಸುತ್ತಿದೆ.
ತುದಿ ಮಡಚಬಾರದು ಅಂದುಕೊಂಡೆ.
ಬೆರಳು ಕೇಳಲಿಲ್ಲ.

ಮೈನ್ ಏರಿಸಿದೆ. ತೊಟ್ಟಿ ಕಪ್ಪಗೇ ಉಳಿಯಿತು.
ಗಾಳಿ ಪಂಪಿನ ಗುಳುಗುಳು, ಒಳಗೆಲ್ಲೋ
ಹಸುಗೂಸೊಂದರ ಕೀರಲು.

'ಇದನ್ನು ಕಟ್ಟಿದ್ದು ನಾನೇ,' ಅಂದೆ.
ಅವಳ ಮುಖ ಕಾಣದಷ್ಟು ಕತ್ತಲಿತ್ತು, ಒಳ್ಳೆಯದೇ ಆಯಿತು.
'ಹಂಗಾರೆ ಕೂಲಿ ಕೇಳ್ಬೇಡ.'
ಸ್ವಲ್ಪ ಹೊತ್ತು ಬಿಟ್ಟು,
'ಇನ್ನೆಷ್ಟ್ ಕಟ್ಟಿದ್ಯಪ್ಪ?'

ಟಾರ್ಚು ತಂದು ಮುಂದೆ ನಡೆದಳು.
ಹಿಂದೆ ಮೀನು ಮಲಗಿದವೋ ಇಲ್ಲವೋ ನೋಡಲಿಲ್ಲ.
ಔಷಧಿ ಕೋಣೆಯ ಬೋರ್ಡು ಸರಿಯಿತ್ತು.
ಬಾಣಂತಿ ವಾರ್ಡಿನದನ್ನು ಬಿಚ್ಚಿದೆ,
ಹಸಿರು ಟೇಪು.